ಹೃದಯದ ಮುಂಗೋಡೆಗಾಗಿ ಒಂದು ಕೂಟ

ಹೃದಯವನ್ನು ನಾನು ಮೊದಲ ಬಾರಿಗೆ ಕಣ್ಣಾರೆ ಕಂಡದ್ದು ಊಟಿಯ ಒಂದು ಸಣ್ಣ ಆಸ್ಪತ್ರೆಯ ಮಬ್ಬುಗತ್ತಲೆಯ ಕೋಣೆಯಲ್ಲಿ. ಅದು ನನ್ನ ದೊಡ್ಡಪ್ಪನ ಹೃದಯ. ಅವರು ಎಡಮಗ್ಗುಲಾಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಪ್ರತಿ ಶನಿವಾರ ಕೊಯಮತ್ತೂರಿನಿಂದ ಬೆಟ್ಟ ಹತ್ತಿ ಬರುವ ಹೃದ್ರೋಗ ತಜ್ಞೆ ಅವರ ಬೆನ್ನ ಹಿಂದೆ ಕುಳಿತು, ಅವರ ಮೇಲಿಂದ ತೋಳು ಚಾಚಿ, ತಣ್ಣನೆಯ ಅಂಟು ಸವರಿದ ಎದೆಗೆ ಎಕೋ ಯಂತ್ರದ ಪ್ರೋಬನ್ನು ಒತ್ತಿ ಹಿಡಿದಿದ್ದರು. ಕಿವಿಗೆ ಕೇಳಿಸದ ಸದ್ದೊಂದು ಒಳಗೆ ಹೋಗಿ, ಮಾಂಸಕ್ಕೆ ತಾಗಿ, ಮರಳಿ ಬಂದು ಪರದೆಯ ಮೇಲೆ ಬೂದು ಬಣ್ಣದ ಚಿತ್ರವಾಗುತ್ತಿತ್ತು. ವೇದಿಕೆಗಳ ಮೇಲೆ ‘ಹೃದಯಪೂರ್ವಕ’ ಎಂಬ ಪದವನ್ನು ನಾನು ಎಷ್ಟು ಸಲ ಬಳಸಿದ್ದೇನೋ ತಿಳಿಯದು. ಆ ಪದದ ಒಳಗಿರುವ ವಸ್ತು ಹೀಗೆ, ಒಂದು ಗಳಿಗೆಯೂ ನಿಲ್ಲದೆ, ಮುಷ್ಟಿ ಬಿಗಿದು ಸಡಿಲಿಸುತ್ತ ದುಡಿಯುತ್ತದೆಂದು ಕಂಡಾಗ ನನ್ನ ಮೈ ಜುಮ್ಮೆಂದಿತು.

“ಇಲ್ಲಿ ನೋಡಿ,” ಎಂದರು ಡಾಕ್ಟರು. ಅವರ ತಮಿಳನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. “ಹಿಂದಿನ ಗೋಡೆ ಪ್ರತಿ ಬಡಿತಕ್ಕೂ ದಪ್ಪವಾಗಿ ಒಳಗೆ ಬರುತ್ತೆ. ಈಗ ಮುಂದಿನ ಗೋಡೆ ನೋಡಿ.”

ಮುಂದಿನ ಗೋಡೆ ಸುಮ್ಮನಿತ್ತು. ಸುತ್ತಲಿನ ಮಾಂಸವೆಲ್ಲ ಕೆಲಸಕ್ಕೆ ಹೊರಟಿರುವಾಗ ಅದೊಂದು ಭಾಗ ಜಗಲಿಯ ಮೇಲೆ ಕುಳಿತೇ ಇತ್ತು.

ಕೆಲವು ತಿಂಗಳ ಹಿಂದೆ ದೊಡ್ಡಪ್ಪನಿಗೆ ಹೃದಯಾಘಾತವಾಗಿತ್ತು. ಬದುಕಿ ಬಂದರು. ಆದರೆ ಕೂಕಲ್ತೊರೈ ದಾಟಿದ ಮೇಲೆ ಸಿಗುವ ನಮ್ಮ ಹಟ್ಟಿಯಲ್ಲಿ ಸಮನೆಲ ಎಂಬುದು ಅಪರೂಪ. ಮನೆಯಿಂದ ಅವರ ಟೀ ತೋಟಕ್ಕೆ ಏರುವ ಅರ್ಧ ದಾರಿಯಲ್ಲೇ ಅವರಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮುಂಗೋಡೆಗೆ ರಕ್ತ ಒಯ್ಯುವ ನಾಳ ಬಹುತೇಕ ಮುಚ್ಚಿಹೋಗಿತ್ತು. ಕೊಯಮತ್ತೂರಿನ ಶಸ್ತ್ರವೈದ್ಯರ ಪ್ರಶ್ನೆ ಒಂದೇ: ಆ ಮಾಂಸ ಸತ್ತಿದೆಯೋ, ರಕ್ತ ಸಾಲದೆ ನಿದ್ದೆ ಹೋಗಿದೆಯೋ? ಸತ್ತಿದ್ದರೆ ಎದೆ ಸೀಳಿ ಹೊಸ ದಾರಿ ಹೊಲಿದು ಕೊಟ್ಟು ಪ್ರಯೋಜನವಿಲ್ಲ, ಅಪಾಯವಷ್ಟೇ ಉಳಿಯುತ್ತದೆ. ನಿದ್ದೆಯಾಗಿದ್ದರೆ, ರಕ್ತ ಸಿಕ್ಕ ಮೇಲೆ ಅದು ಮತ್ತೆ ದುಡಿಯಲು ತೊಡಗಬಹುದು. ಉತ್ತರವನ್ನು ಎರಡು ವಾರದೊಳಗೆ ಕಳಿಸಬೇಕೆಂದು ಅವರು ಕೇಳಿದ್ದರು.

ಉತ್ತರ ಕಂಡುಕೊಳ್ಳಲು ಎಕೋದಲ್ಲಿಯೇ ಒಂದು ದಾರಿಯಿದೆ ಎಂದು ಡಾಕ್ಟರು ವಿವರಿಸಿದರು. ರಕ್ತನಾಳದಲ್ಲಿ ಒಂದು ಔಷಧಿಯನ್ನು ಸ್ವಲ್ಪಸ್ವಲ್ಪವೇ ಹನಿಸುತ್ತಾರೆ. ಅದು ಹೃದಯವನ್ನು ಮೆಲ್ಲಗೆ ಎಬ್ಬಿಸುತ್ತದೆ. ಸತ್ತ ಮಾಂಸ ಕದಲುವುದಿಲ್ಲ. ಮಲಗಿದ ಮಾಂಸ ಏಳುತ್ತದೆ, ಅದು ಏಳುವುದು ಪರದೆಯ ಮೇಲೆ ಕಾಣುತ್ತದೆ. ಮಾಂಸದೊಳಗಿನ ಬೆಳಕಿನ ಸಣ್ಣ ಸಣ್ಣ ಚುಕ್ಕೆಗಳನ್ನು ಯಂತ್ರವೇ ಹಿಂಬಾಲಿಸಿ, ಎರಡು ಚುಕ್ಕೆಗಳು ಎಷ್ಟು ಹತ್ತಿರ ಬಂದವು ಎಂದು ಅಳೆದು, ಚೆನ್ನಾಗಿ ಕುಗ್ಗುವ ಕಡೆ ಕೆಂಪು, ಕುಗ್ಗದ ಕಡೆ ನೀಲಿ ಬಳಿದು ತೋರಿಸುತ್ತದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ನಾನು ಹುಡುಕುತ್ತಿದ್ದದ್ದು ಇಂಥದೇ ಪುರಾವೆಯನ್ನು: ಎದುರಾಳಿ ಬಾಯಿ ತೆರೆಯುವ ಮೊದಲೇ ತಾನಾಗಿ ಮಾತಾಡುವ ಪುರಾವೆ. ಬಸ್ಸಿನಲ್ಲಿ ದೊಡ್ಡಬೆಟ್ಟದ ತಿರುವು ದಾಟಿ ಕೋತಗಿರಿ ಬರುವವರೆಗೂ ನಾನು ಅದನ್ನೇ ಹೇಳುತ್ತಿದ್ದೆ.

ದೊಡ್ಡಪ್ಪ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. “ಕವಾತಿಗೆ ಮುಂಚೆ ಬೇರು ನೋಡೋ ಹಂಗೆ,” ಎಂದರು.

ಟೀ ಗಿಡವನ್ನು ಕೆಲವು ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಕತ್ತರಿಸಿಬಿಡುವುದನ್ನು ನಮ್ಮಲ್ಲಿ ಕವಾತು ಎನ್ನುತ್ತಾರೆ. ಕತ್ತರಿಸುವ ಮುಂಚೆ, ಹುಷಾರಿನ ಬೆಳೆಗಾರರು ಒಂದೆರಡು ಬೇರಿನ ತುಂಡು ತೆಗೆದು ಅಯೋಡಿನ್ ನೀರಿನಲ್ಲಿ ಅದ್ದುತ್ತಾರೆ. ಕಪ್ಪಾದರೆ ಬೇರಿನಲ್ಲಿ ಪಿಷ್ಟ ಇದೆ, ಗಿಡ ಮತ್ತೆ ಚಿಗುರುತ್ತದೆ. ಬೆಳ್ಳಗೇ ಉಳಿದರೆ ಕತ್ತಿ ಮುಟ್ಟಿಸಬಾರದು. ದೊಡ್ಡಪ್ಪ ಇದನ್ನು ಎಂದೂ ತಪ್ಪಿಸಿದವರಲ್ಲ.

“ನೋಡದೆ ಕತ್ತಿ ಹಾಕಿಸ್ಕೊಳ್ಳೋಕೆ ನಾನು ಒಪ್ಪಾಕಿಲ್ಲೆ. ನೋಡಿ ಹಾಕ್ತೀವಿ ಅಂದ್ರೆ ಸರಿ,” ಎಂದರು. ಪರೀಕ್ಷೆಗೆ ಅವರು ಒಪ್ಪಿದ್ದು ಹೀಗೆ, ನನ್ನ ವಾದದಿಂದಲ್ಲ.

ಮುಂದಿನ ಶನಿವಾರಕ್ಕೆ ಪರೀಕ್ಷೆ ನಿಗದಿಯಾಯಿತು. ಡಾಕ್ಟರು ಒಂದು ಚೀಟಿ ಬರೆದುಕೊಟ್ಟಿದ್ದರು: ಹೃದಯದ ಬಡಿತವನ್ನು ನಿಧಾನವಾಗಿಡುವ ಒಂದು ಮಾತ್ರೆಯನ್ನು ಪರೀಕ್ಷೆಗೆ ಎರಡು ದಿನ ಮೊದಲಿನಿಂದ ನಿಲ್ಲಿಸಬೇಕು, ಉಳಿದವು ಎಂದಿನಂತೆ. ಎಬ್ಬಿಸುವ ಔಷಧಿಗೂ ಆ ಮಾತ್ರೆಗೂ ಆಗಿಬರುವುದಿಲ್ಲ. ನಾನು ಚೀಟಿಯನ್ನು ದೊಡ್ಡಪ್ಪನ ಕೈಗೆ ಕೊಟ್ಟು, ಆ ಮಾತ್ರೆಯ ಹೆಸರಿನ ಕೆಳಗೆ ಗೆರೆಯನ್ನೂ ಎಳೆದೆ. ಮುಂದಿನ ಶನಿವಾರ ಅವರನ್ನು ಅದೇ ಕೋಣೆಗೆ ಕರೆದುಕೊಂಡು ಹೋದಾಗ ನನ್ನ ಉತ್ಸಾಹ ನನ್ನ ಮುಂದೆಯೇ ನಡೆಯುತ್ತಿತ್ತು.

ಔಷಧಿ ಹನಿಯತೊಡಗಿತು. ಡಾಕ್ಟರು ನೋಡಿದರು, ಪ್ರಮಾಣ ಏರಿಸಿದರು, ಮತ್ತೆ ನೋಡಿದರು. ಬಡಿತ ಏರಲಿಲ್ಲ. ಮುಂಗೋಡೆ ಸುಮ್ಮನಿತ್ತು. ಚಿತ್ರದ ಆ ಭಾಗ ನೀಲಿಯಾಗಿಯೇ ಉಳಿಯಿತು. ಡಾಕ್ಟರು ಹುಬ್ಬು ಗಂಟಿಕ್ಕಿ ಯಂತ್ರದ ಕಡೆಯಿಂದ ನನ್ನ ಕಡೆ ತಿರುಗಿದರು.

“ಆ ಮಾತ್ರೆ ನಿಲ್ಲಿಸಿದ್ರು, ಅಲ್ವಾ?”

“ನಿಲ್ಲಿಸಿದ್ದಾರೆ. ಚೀಟಿ ನಾನೇ ಕೊಟ್ಟೆ,” ಎಂದೆ.

ಗೋಡೆಯ ಕಡೆಯಿಂದ ದನಿ ಬಂತು. “ನಿಲ್ಲಿಸಿಲ್ಲೆ. ಈವತ್ತು ಬೆಳಿಗ್ಗೆನೂ ನುಂಗಿದೆ.”

ಡಾಕ್ಟರು ಪ್ರೋಬನ್ನು ಕೆಳಗಿಟ್ಟರು. “ಹಾಗಾದರೆ ಇದರಿಂದ ಏನೂ ಹೇಳೋಕಾಗಲ್ಲ. ಸತ್ತಿದೆ ಅಂತಾನೂ ಇಲ್ಲ, ಬದುಕಿದೆ ಅಂತಾನೂ ಇಲ್ಲ.”

ನಾನು ದೊಡ್ಡಪ್ಪನ ಮುಖ ಕಾಣುವ ಹಾಗೆ ಮಂಚದ ಆ ಬದಿಗೆ ಹೋದೆ. “ಗೆರೆ ಎಳೆದು ಕೊಟ್ಟಿದ್ದೆನಲ್ಲ ದೊಡ್ಡಪ್ಪಾ?”

“ಕೊಟ್ಟೆ. ನನ್ನ ಪರೀಕ್ಷೆ ಮಾಡ್ತಿದ್ದೀಯೆ ಅಂದ್ಕೊಂಡೆ, ಕೂಸೆ. ಕೂಟದಲ್ಲಿ ಏನು ಹೇಳಿದ್ದೆ, ಮರೆತೆಯಾ?”

ಮರೆತಿರಲಿಲ್ಲ. ಮರೆಯುವ ಮಾತೂ ಅದಲ್ಲ, ಏಕೆಂದರೆ ನಾನು ಬಹಳ ಹೆಮ್ಮೆಪಟ್ಟ ಮಾತು ಅದು.

ಮೈಸೂರಿನ ಕಾಲೇಜಿನಲ್ಲಿ ಓದುವಾಗ ಚರ್ಚಾಸ್ಪರ್ಧೆಯೇ ನನ್ನ ಉಸಿರಾಗಿತ್ತು. ವಿಷಯದ ಪರ ಚೀಟಿ ಬಂದರೂ ವಿರೋಧ ಚೀಟಿ ಬಂದರೂ ಗೆಲ್ಲುವುದನ್ನು ಕಲಿತೆ. ಊರಿಗೆ ಮರಳಿದ ಮೇಲೆ, ಈ ವಿದ್ಯೆಯನ್ನು ಬಹುಮಾನಕ್ಕಲ್ಲದೆ ಜನಕ್ಕಾಗಿ ಬಳಸುತ್ತೇನೆಂದು ನಿಶ್ಚಯಿಸಿಕೊಂಡೆ. ನಮ್ಮ ಹಟ್ಟಿಯಲ್ಲಿ ರಕ್ತದೊತ್ತಡಕ್ಕೂ ಹೃದಯಕ್ಕೂ ಮಾತ್ರೆ ತಿನ್ನುವವರು ಹಲವರಿದ್ದರು. ಮೈ ಹಗುರಾದ ಕೂಡಲೇ ನಿಲ್ಲಿಸಿಬಿಡುತ್ತಿದ್ದರು, ಪಕ್ಕದ ಮನೆಯವರು ನಿಲ್ಲಿಸಿದರೆಂದು ತಾವೂ ನಿಲ್ಲಿಸುತ್ತಿದ್ದರು. ಅದಕ್ಕಾಗಿ ನಾನು ಹಟ್ಟಿಯ ಕೂಟವನ್ನೇ ಕೇಳಿಕೊಂಡೆ. ಗುಡಿಯ ಮುಂದಿನ ಹುಲ್ಲುಬಯಲಿನಲ್ಲಿ ಹಿರಿಯರು ಕೂಡಿ ತೀರ್ಮಾನಿಸಿದ ಮಾತನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ. ಅದನ್ನು ಬದಲಿಸಬೇಕಾದರೆ ಮತ್ತೆ ಕೂಟವೇ ಕೂಡಬೇಕು. ಅಲ್ಲಿ ಹೆಂಗಸರು ಎದ್ದು ಮಾತಾಡುವುದು ಅಪರೂಪ. ನಾನು ಮಾತಾಡಿದೆ. ‘ದಿನದ ಮಾತ್ರೆಯನ್ನು ಯಾರ ಮಾತು ಕೇಳಿಯೂ ನಿಲ್ಲಿಸಬಾರದು’ ಎಂಬ ನನ್ನ ಬೇಡಿಕೆಯನ್ನು ಕೂಟ ಒಪ್ಪಿತು. ಕೊನೆಯಲ್ಲಿ, ಚಪ್ಪಾಳೆಯ ಹಳೆಯ ಚಟದಿಂದ, ಕೈಯೆತ್ತಿ, “ನಾಳೆ ನಾನೇ ಬಂದು ನಿಲ್ಲಿಸಿ ಅಂದರೂ ನಿಲ್ಲಿಸಬೇಡಿ” ಎಂದುಬಿಟ್ಟೆ. ಆ ತೀರ್ಮಾನವನ್ನು ಗಟ್ಟಿಯಾಗಿ ಸಾರಿದವರು ಊರಗೌಡರಾದ ನನ್ನ ದೊಡ್ಡಪ್ಪನೇ.

“ಕೂಟದ ಮಾತನ್ನು ಒಂದು ಚೀಟಿಗೆ ನಾನೇ ಮುರಿದರೆ,” ಎಂದರು ಅವರು, ಎದೆಯ ಅಂಟನ್ನು ಒರೆಸಿಕೊಳ್ಳುತ್ತ, “ನಾಳೆ ಯಾರು ಕೇಳ್ತಾರೆ?”

ಡಾಕ್ಟರಿಗೆ ನಾನು ಇದನ್ನು ವಿವರಿಸಿದೆ. ಅವರು ನಕ್ಕರು. “ನನ್ನ ರೋಗಿಗಳೆಲ್ಲ ನಿಮ್ಮ ಹಟ್ಟಿಯವರೇ ಆಗಿದ್ದರೆ ನನಗೆ ಅರ್ಧ ಕೆಲಸ ಇರುತ್ತಿರಲಿಲ್ಲ. ಮುಂದಿನ ಶನಿವಾರ ಮತ್ತೆ ಮಾಡ್ತೀನಿ. ಆದರೆ ಅದೇ ಕೊನೆ, ಅಷ್ಟರೊಳಗೆ ಕೊಯಮತ್ತೂರಿಗೆ ಉತ್ತರ ಹೋಗಬೇಕು. ಗುರುವಾರದಿಂದ ಆ ಮಾತ್ರೆ ನಿಲ್ಲಬೇಕು.” ನಾನು ಕೇಳಿಕೊಂಡದ್ದಕ್ಕೆ, ದೊಡ್ಡಪ್ಪನ ಒಪ್ಪಿಗೆ ಪಡೆದು, ಪರದೆಯ ಮೇಲಿನ ಆ ಕೆಲವು ಬಡಿತಗಳನ್ನು ನನ್ನ ಫೋನಿನಲ್ಲಿ ಹಿಡಿದುಕೊಳ್ಳಲು ಬಿಟ್ಟರು.

ಸೋಮವಾರ ಕೂಟ ಸೇರಿತು. ಹಳಬರು ಇಂದಿಗೂ ಸೋಮವಾರ ಮಣ್ಣು ಅಗೆಯುವುದಿಲ್ಲ, ಆದ್ದರಿಂದ ಎಲ್ಲರೂ ಸಿಕ್ಕಿದರು. ಎಲೆ ತುಂಬಿಕೊಳ್ಳುವ ಫ್ಯಾಕ್ಟರಿ ಗಾಡಿ ಬರುವ ಮೊದಲೇ ಮುಗಿಸಬೇಕೆಂಬ ಆತುರವೂ ಕೆಲವರಿಗಿತ್ತು. ತನ್ನದೇ ವಿಷಯಕ್ಕೆ ತಾನೇ ಗೌಡನಾಗಿ ಕೂರುವಂತಿಲ್ಲವೆಂದು ದೊಡ್ಡಪ್ಪ ಕಲ್ಲುಜಗಲಿ ಬಿಟ್ಟು ಕೆಳಗೆ ಹುಲ್ಲಿನ ಮೇಲೆ ಕುಳಿತರು. ಜಗಲಿಯ ಮೇಲೆ ಕುಳಿತವನು ಬಿಳಿಮೀಸೆಯ ಒಬ್ಬ ಅಜ್ಜ. ದೊಡ್ಡಪ್ಪನ ಬಾಲ್ಯದ ಜೊತೆಗಾರ; ಹಿಂದಿನ ಕೂಟದಲ್ಲಿ ನನ್ನನ್ನು ಕೊನೆಯವರೆಗೂ ವಿರೋಧಿಸಿ ಸೋತವನೂ ಅವನೇ.

ನಾನು ಸಿದ್ಧಮಾಡಿಕೊಂಡು ಹೋಗಿದ್ದೆ. ಪೀಠಿಕೆ ಇತ್ತು, ಮೂರು ಕಾರಣಗಳಿದ್ದವು, ಖಂಡನೆಗೆ ಉತ್ತರಗಳಿದ್ದವು. ಪೀಠಿಕೆಯ ಎರಡನೆಯ ವಾಕ್ಯ ಮುಗಿಯುವ ಮೊದಲೇ ಅಜ್ಜ ಕೈಯೆತ್ತಿದ.

“ನಿಲ್ಲು, ಅಮ್ಮಿ. ಯಾರ ಮಾತು ಕೇಳಿಯೂ ನಿಲ್ಲಿಸಬಾರದು ಅಂದವಳು ನೀನೇ?”

“ನಾನೇ, ಅಜ್ಜಾ.”

“ನಾಳೆ ನಾನೇ ಬಂದು ನಿಲ್ಲಿಸಿ ಅಂದರೂ?”

“…ನಿಲ್ಲಿಸಬೇಡಿ ಅಂದೆ.”

“ಕೈ ಹಿಂಗೆ ಎತ್ತಿದ್ದೆ.” ಅವನು ನಾನು ಎತ್ತಿದ ಹಾಗೆಯೇ ತನ್ನ ಕೈಯನ್ನು ಎತ್ತಿ ತೋರಿಸಿದ. ಕೂಟವೆಲ್ಲ ನಕ್ಕಿತು. “ಈಗ ಬಂದಿದ್ದೀಯೆ. ನಾವು ಕೇಳಾಕಿಲ್ಲೆ. ನೀನು ಹೇಳಿದ ಹಂಗೇ ಮಾಡ್ತಿದ್ದೀವಿ. ಇನ್ನೇನು ಬೇಕು?”

ಮೈಸೂರಿನಲ್ಲಿ ಯಾವ ತೀರ್ಪುಗಾರರ ಮುಂದೆಯೂ ನಾನು ಇಷ್ಟು ಚೊಕ್ಕವಾಗಿ ಸೋತಿರಲಿಲ್ಲ. ನನ್ನ ಕೈಯಲ್ಲಿದ್ದ ಕಾಗದದಲ್ಲಿ ಇದಕ್ಕೆ ಉತ್ತರವಿರಲಿಲ್ಲ, ಯಾಕೆಂದರೆ ಎದುರಾಳಿಯ ವಾದ ನನ್ನದೇ ಆಗಿತ್ತು. ಹೆಂಗಸರು ಕುಳಿತಿದ್ದ ಕಡೆ ನೋಡಿದೆ. ದೊಡ್ಡವ್ವೆ, ಅಂದರೆ ದೊಡ್ಡಪ್ಪನ ಹೆಂಡತಿ, ಶಾಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದರು. ಅವರು ತಲೆಯೆತ್ತದೆಯೇ ಹೇಳಿದರು: “ಬಾಯಿ ಸಾಕು, ಕೂಸೆ. ಆ ಫೋನು ತೋರಿಸು.”

ಕಾಗದ ಮಡಚಿ ಇಟ್ಟೆ. ಫೋನನ್ನು ಜಗಲಿಯ ಮೇಲೆ, ಬಿಸಿಲು ಬೀಳದಂತೆ ಅಜ್ಜನ ಶಾಲಿನ ಮರೆಯಲ್ಲಿ ಇಟ್ಟೆ. ಅಜ್ಜ ಬಗ್ಗಿ ನೋಡಿದ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತಿಬ್ಬರು. ಸ್ವಲ್ಪ ಹೊತ್ತಿಗೆ ಕೂಟದ ಶಿಸ್ತೆಲ್ಲ ಮುರಿದು, ತಲೆಗಳೆಲ್ಲ ಒಂದು ಶಾಲಿನೊಳಗೆ ಸೇರಿಬಿಟ್ಟವು.

“ಇದು ಯಾರದು?”

“ದೊಡ್ಡಪ್ಪನದು. ಹೋದ ಶನಿವಾರದ್ದು.”

“ಇವನದಾ? ಇಷ್ಟೊಂದು ಓಡ್ತಾ ಇದೆ, ಇವನು ನೋಡಿದರೆ ಕೂತೇ ಇರ್ತಾನೆ,” ಎಂದು ಅಜ್ಜ ನಕ್ಕ.

ಹುಲ್ಲಿನ ಮೇಲಿಂದ ದೊಡ್ಡಪ್ಪ, “ನಿನ್ನದೂ ತೋರಿಸ್ಕೋ, ಇದೆಯೋ ಇಲ್ಲೆಯೋ ಗೊತ್ತಾಗಲಿ,” ಎಂದರು.

ನಾನು ಬೆರಳಿಟ್ಟು ತೋರಿಸಿದೆ: ಇದು ಹಿಂದಿನ ಗೋಡೆ, ದುಡಿಯುತ್ತಿದೆ, ಇದು ಮುಂದಿನದು. ಅಜ್ಜನ ನಗು ನಿಂತಿತು. ಅವನು ಫೋನನ್ನು ಕೈಗೆತ್ತಿಕೊಂಡು, ಅದೇ ನಾಲ್ಕು ಬಡಿತಗಳನ್ನು ಮತ್ತೆ ಮತ್ತೆ ನೋಡಿದ.

“ಇಲ್ಲಿ ಅಲ್ಲಾಡ್ತಿದೆ. ಇಲ್ಲಿ ಇಲ್ಲೆ,” ಎಂದ. “ಸತ್ತಿದೆಯಾ?”

“ಗೊತ್ತಿಲ್ಲ, ಅಜ್ಜಾ. ಮಲಗಿರಬಹುದು. ಮಾತ್ರೆ ಎರಡು ದಿನ ನಿಂತರೆ, ಎಬ್ಬಿಸಿ ನೋಡಬಹುದು. ಎದ್ದರೆ ಆಪರೇಷನ್. ಏಳದಿದ್ದರೆ ಹೀಗೆಯೇ.”

“ಎಬ್ಬಿಸಿ ನೋಡದೇನೇ ಇದ್ದರೆ?”

“ಆಗಲೂ ಹೀಗೆಯೇ.”

ಇಷ್ಟನ್ನು ಹೇಳಲು ನನಗೆ ಪೀಠಿಕೆ ಬೇಕಾಗಿರಲಿಲ್ಲ. ಅಜ್ಜ ಜಗಲಿಯ ಮೇಲೆ ನೆಟ್ಟಗೆ ಕುಳಿತ. ಎಲ್ಲರೂ ಅವರವರ ಜಾಗಕ್ಕೆ ಮರಳಿದರು. ಆಗ ಅವನು ಕೂಟದ ದನಿಯಲ್ಲಿ, ನಿಧಾನವಾಗಿ, ಒಂದೊಂದೇ ಮಾತು ಇಟ್ಟ. ಮಾತ್ರೆಯ ತೀರ್ಮಾನ ಹಾಗೆಯೇ ನಿಲ್ಲುತ್ತದೆ. ಆದರೆ ಡಾಕ್ಟರು ತಮ್ಮ ಕೈಯಿಂದ ಬರೆದು, ಯಾವ ಮಾತ್ರೆ, ಎಷ್ಟು ದಿನ ಎಂದು ಹೇಳಿದ್ದರೆ, ಅಷ್ಟು ದಿನಕ್ಕೆ ಮಾತ್ರ ಅದು ನಿಲ್ಲಬಹುದು. ಪರೀಕ್ಷೆ ಮುಗಿದು ಡಾಕ್ಟರು ಹೂಂ ಅಂದ ಗಳಿಗೆಯಿಂದ ಮತ್ತೆ ಶುರು.

ಅದಕ್ಕಿಂತ ಉತ್ತಮವಾದ ತಿದ್ದುಪಡಿಯನ್ನು ನನ್ನಿಂದಲೂ ಬರೆಯಲಾಗುತ್ತಿರಲಿಲ್ಲ. ನನ್ನ ಮೊದಲ ಬೇಡಿಕೆಯಲ್ಲಿಯೇ ಇರಬೇಕಾಗಿದ್ದ ಮಾತು ಅದು. ಚಪ್ಪಾಳೆಗಾಗಿ ನಾನು ಬಿಟ್ಟಿದ್ದ ಜಾಗವನ್ನು ನನ್ನ ವಿರೋಧಿ ತುಂಬಿಕೊಟ್ಟ.

“ಇನ್ನೂ ಎರಡು ಮಾತು,” ಎಂದ ಅಜ್ಜ. “ಇವಳು ಇನ್ನು ಮೇಲೆ ನಮ್ಮ ಕೂಟದಲ್ಲಿ ಕೈ ಎತ್ತಿ ಮಾತಾಡಬಾರದು. ಕೈ ಕೆಳಗಿಟ್ಟು ಎಷ್ಟು ಬೇಕಾದರೂ ಮಾತಾಡಲಿ. ಮತ್ತೆ, ಶನಿವಾರ ನಾನೂ ಬರ್ತೀನಿ. ಎದ್ದಿತು ಅಂತ ಇವಳು ಬಂದು ಹೇಳಿದರೆ ನಾನು ನಂಬಾಕಿಲ್ಲೆ.”

ಕೂಟ ಒಪ್ಪಿತು. ದೊಡ್ಡಪ್ಪ ಎದ್ದು ಮನೆಯ ಕಡೆ ಏರತೊಡಗಿದರು. ಗುಡಿಯಿಂದ ಅವರ ಬಾಗಿಲವರೆಗೆ ಹೆಚ್ಚು ದೂರವಿಲ್ಲ. ಅಷ್ಟರಲ್ಲಿ ಮೂರು ಕಡೆ ನಿಂತರು. ನಿಂತಾಗಲೆಲ್ಲ, ಯಾರೋ ತಮ್ಮನ್ನು ಮಾತಾಡಿಸಲಿ ಎಂದು ನಿಂತವರಂತೆ ಸುತ್ತ ನೋಡುತ್ತಿದ್ದರು. ಅಜ್ಜ ಪ್ರತಿ ಸಲವೂ ಅವರ ಪಕ್ಕ ನಿಂತು, ಟೀ ಗಿಡಗಳನ್ನು ತೋರಿಸಿ ಏನೋ ಹೇಳುತ್ತಿದ್ದ.

ಶನಿವಾರ ಬೆಳಗಿನ ಬಸ್ಸಿನಲ್ಲಿ ನಾವು ನಾಲ್ವರು: ದೊಡ್ಡಪ್ಪ, ದೊಡ್ಡವ್ವೆ, ಅಜ್ಜ, ನಾನು. ದೊಡ್ಡವ್ವೆ ಹೊರಗಿನ ಬೆಂಚಿನಲ್ಲಿ ಕುಳಿತರು. ನೋಡುವ ಧೈರ್ಯವಿಲ್ಲ ಎಂದರು. ಅಜ್ಜನನ್ನು ಒಳಗೆ ಬಿಡಲು ಡಾಕ್ಟರು ಮೊದಲು ಒಪ್ಪಲಿಲ್ಲ. ಇವರು ಕೂಟದ ಕಡೆಯಿಂದ ಬಂದವರು ಎಂದು ದೊಡ್ಡಪ್ಪ ಮಲಗಿದಲ್ಲಿಂದಲೇ ಹೇಳಿದ ಮೇಲೆ ಒಂದು ಸ್ಟೂಲು ಹಾಕಿಸಿಕೊಟ್ಟರು.

ಔಷಧಿ ಹನಿಯತೊಡಗಿತು. ಮೊದಲ ಪ್ರಮಾಣಕ್ಕೆ ಏನೂ ಆಗಲಿಲ್ಲ. ಆದರೆ ಬಡಿತದ ಅಂಕಿ ಈ ಸಲ ಮೆಲ್ಲಗೆ ಏರುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಡಾಕ್ಟರು ಪ್ರಮಾಣ ಏರಿಸಿದರು. ಹಿಂದಿನ ಗೋಡೆ ಇನ್ನಷ್ಟು ಗಟ್ಟಿಯಾಗಿ ಒಳಗೆ ಬಂತು. ಮುಂಗೋಡೆ ಸುಮ್ಮನಿತ್ತು.

“ಎದ್ದಿತಾ?” ಎಂದು ಗೋಡೆಗೆ ಕೇಳಿದಂತೆ ಕೇಳಿದರು ದೊಡ್ಡಪ್ಪ.

“ಮಾತಾಡಬೇಡಿ, ಉಸಿರು ಬಿಟ್ಟು ಹಾಗೇ ಹಿಡಿಯಿರಿ,” ಎಂದರು ಡಾಕ್ಟರು.

ಅವರು ಉಸಿರು ಹಿಡಿದರು. ಪರದೆಯ ಚಿತ್ರ ತಿಳಿಯಾಯಿತು. ಆಗ ಮುಂಗೋಡೆಯ ನಡುಭಾಗ ಒಂದು ಬಡಿತಕ್ಕೆ, ಅನುಮಾನ ಬರುವಷ್ಟೇ, ದಪ್ಪವಾಯಿತು. ನಾನು ಕಣ್ಣುಜ್ಜಿಕೊಂಡೆ. ಮುಂದಿನ ಬಡಿತಕ್ಕೆ ಮತ್ತೆ. ಅದರ ಮುಂದಿನದಕ್ಕೆ ಒಳಗೆ ಬಂತು, ಎದುರಿನ ಗೋಡೆಯ ಕಡೆಗೆ, ತಡವಾಗಿ ಎದ್ದವರ ಸಂಕೋಚದಿಂದ.

“ಕದಲಿತು,” ಎಂದ ಅಜ್ಜ. ಡಾಕ್ಟರಿಗಿಂತ ಮೊದಲು, ನನಗಿಂತ ಮೊದಲು. ಸ್ಟೂಲಿನಿಂದ ಎದ್ದು ನಿಂತಿದ್ದ. “ಅಲ್ಲಿ. ಅಗೋ ಮತ್ತೆ. ಲೋ, ಕದಲಿತು ಕಣೋ.”

ಡಾಕ್ಟರು ಚಿತ್ರವನ್ನು ನಿಲ್ಲಿಸಿ, ಚುಕ್ಕೆಗಳ ಲೆಕ್ಕ ಹಾಕಲು ಯಂತ್ರಕ್ಕೆ ಬಿಟ್ಟರು. ಹಿಂದಿನ ವಾರ ನೀಲಿಯಿದ್ದಲ್ಲಿ ಈಗ ಬಹುಪಾಲು ತಿಳಿಗೆಂಪು ತುಂಬಿತ್ತು. ತುದಿಯಲ್ಲಿ ಮಾತ್ರ ಒಂದು ಚೂರು ನೀಲಿ ಉಳಿಯಿತು. “ಆ ತುದಿ ಹೋಗಿದೆ,” ಎಂದರು ಅವರು, ಮುಚ್ಚುಮರೆಯಿಲ್ಲದೆ. “ಮಿಕ್ಕದ್ದು ಬದುಕಿದೆ. ರಕ್ತ ಕೊಟ್ಟರೆ ದುಡಿಯುತ್ತೆ ಅಂತ ನಾನು ಬರೆದುಕೊಡ್ತೀನಿ.”

ನಾನು ಏನಾದರೂ ಹೇಳಬೇಕಿತ್ತು. ಅಂಥ ಗಳಿಗೆಗಳಿಗಾಗಿಯೇ ವರ್ಷಗಟ್ಟಲೆ ತಯಾರಾದವಳು ನಾನು. ಹೊರಗೆ ಓಡಿ ದೊಡ್ಡವ್ವೆಯ ಎರಡೂ ಕೈ ಹಿಡಿದುಕೊಂಡೆ. ಅವರು ನನ್ನ ಮುಖ ನೋಡಿಯೇ ತಿಳಿದುಕೊಂಡರು. “ಕೈ ಬಿಡು, ಕೂಸೆ, ಬಳೆ ಒಡೆಯುತ್ತೆ,” ಎಂದು, ಕೈ ಬಿಡಿಸಿಕೊಳ್ಳದೆ ಕುಳಿತೇ ಇದ್ದರು.

ಮತ್ತೆ ಒಳಗೆ ಹೋದಾಗ ದೊಡ್ಡಪ್ಪ ಎದ್ದು ಕುಳಿತಿದ್ದರು. ಎದೆಯ ಮೇಲಿನ ಅಂಟನ್ನು ಇನ್ನೂ ಒರೆಸಿರಲಿಲ್ಲ. ಸೊಂಟದ ಮಡಿಕೆಯಿಂದ ಒಂದು ಸಣ್ಣ ಪೊಟ್ಟಣ ತೆಗೆದು ಡಾಕ್ಟರ ಮುಂದೆ ಹಿಡಿದಿದ್ದರು. ಒಳಗೆ ಆ ಮಾತ್ರೆ.

“ಈಗ ನುಂಗಬಹುದಾ?”

ಡಾಕ್ಟರು ಬಡಿತದ ಅಂಕಿ ನೋಡಿ, ಸ್ವಲ್ಪ ಕಾಯಿರಿ ಎಂದರು. ಕಾದರು. ಅಜ್ಜ ಲೋಟದಲ್ಲಿ ನೀರು ಹಿಡಿದು ನಿಂತಿದ್ದ. ಸ್ವಲ್ಪ ಹೊತ್ತಿಗೆ ಡಾಕ್ಟರು ಹೂಂ ಎಂದರು.

ಮುಂದಿನ ತಿಂಗಳು ಕೊಯಮತ್ತೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ದೊಡ್ಡಪ್ಪ ಈಗ ತೋಟಕ್ಕೆ ಏರುತ್ತಾರೆ, ದಾರಿಯಲ್ಲಿ ಒಂದು ಕಡೆ ನಿಲ್ಲುತ್ತಾರೆ, ಅದೂ ಅಜ್ಜನಿಗಾಗಿ ಎನ್ನುತ್ತಾರೆ. ಅವರ ಮನೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆಲ್ಲ ಗೀಟು ಹಾಕಿದೆ. ಎರಡು ಚೌಕಗಳು ಮಾತ್ರ ಖಾಲಿ, ಅದೇ ಗುರುವಾರ ಮತ್ತು ಶುಕ್ರವಾರ. ಅವುಗಳ ಮೇಲೆ ಅಜ್ಜ ತನ್ನ ನಡುಗುವ ಅಕ್ಷರದಲ್ಲಿ ‘ಕೂಟದ ಒಪ್ಪಿಗೆ’ ಎಂದು ಬರೆದಿದ್ದಾನೆ.